ಪರದಿ ಮಡಿಕ್ಯಾಗ ಇಟ್ಟ ಸೆರಗು

ಮೊನ್ನೆ ಕಿಟಕಿ ಪರದಿ ಇಳಿಸಿ ಕೆಳಗಿನ ಮಡಿಕಿ ಬಿಚ್ಚಿದೆ. ಒಳಗಿಂದ ಬಿದ್ದದ್ದು ಅಕ್ಕಿ ಚೀಲದ ತುಂಡು. ಕಾರಟಗಿ ಕಡೆಯ ಯಾವುದೋ ಮಿಲ್ಲಿಂದಿರಬೇಕು, ನೀಲಿ ಅಕ್ಷರ ಅರ್ಧ ಅಳಿಸಿದ್ವು. ಲಗ್ನ ಗೊತ್ತಾದ ನನ್ನ ಮಗಳು ಪಕ್ಕದಾಗ ನಿಂತು, "ಎಲ್ಲಿ ಐತವ್ವಾ ಅಜ್ಜಿ ಸೆರಗು?" ಅಂದ್ಲು. ನನಗ ಹೊಲಿಗಿ ಅಕ್ಕ ನೆನಪಾದ್ಲು…

ಕುಷ್ಟಗಿಯಾಗ ನಾವು ಮನಿ ಕಟ್ಟಿದಾಗ ಆಕಿ ಬಾಜೂ ಮನ್ಯಾಗ ಬಾಡಿಗಿ ಇದ್ಲು. ದಿನಾ ಮಷಿನ್ ಸಪ್ಪಳ ಕೇಳ್ತಿತ್ತು. ವಾಸ್ತುಶಾಂತಿ ಹತ್ರ ಬಂದರೂ ಕಿಟಕಿಗೆ ಪರದಿ ಇರಲಿಲ್ಲ. ಅಳತಿ ಕೊಟ್ಟು ಹೊಲಿಸೋಣ ಅಂತ ಕೊಪ್ಪಳದ ಅಂಗಡಿಗೆ ಹೋದ್ರ, ಅವರು ಹೇಳಿದ ರೇಟು ಕೇಳಿ ಬರಿಗೈಲೆ ಬಂದೆ. ಟ್ರಂಕಿನ್ಯಾಗ ಹಳೇ ಇಳಕಲ್ ಸೀರಿ ಇಟಗೊಂಡು ಅಂಗಡಿಗೆ ಯಾಕ ಹೋಗಿದ್ದಿ ಅಂತ ಅಕ್ಕ ಬೈದ್ಲು. ದಡಿ ಕೆಳಗ ಬರೂಹಂಗ ಹೊಲಿದು, ಹಳೇ ಧೋತರದ ಅಸ್ತರ ಕೊಟ್ರ ಊರಾಗ ಯಾರ ಮನ್ಯಾಗೂ ಇರದಂಥ ಪರದಿ ಆಗ್ತಾವ ಅಂದ್ಲು.

ಅವು ನಮ್ಮವ್ವನ ಸೀರಿ. ಅವ್ವ ತೀರಿಕೊಂಡು ಎರಡು ವರ್ಷ ಆಗಿತ್ತು. ಮೂರು ಸೀರಿ ಕೊಟ್ಟೆ. ಒಂದು ಆಕಿ ಲಗ್ನದ ಸೀರಿ. ಅದರ ಕೆಂಪು ಸೆರಗಿಗೆ ಮಾತ್ರ ಕತ್ತರಿ ಹಚ್ಚಬ್ಯಾಡ ಅಂದೆ. ಮೊಮ್ಮಗಳ ಲಗ್ನಕ್ಕ ಅದರಾಗ ಕುಪ್ಪಸ ಹೊಲಿಸು ಅಂತ ಅವ್ವ ಹೇಳಿ ಹೋಗಿದ್ಲು. ಊದಿನಕಡ್ಡಿ ಕಿಡಿ ಬಿದ್ದು ಸೆರಗಿಗೆ ತೂತು ಬಿದ್ದಿತ್ತು, ಅವ್ವ ಹಸಿರು ದಾರದಿಂದ ತುಂಬಿದ್ಲು. ಕೆಂಪಿಗೆ ಹಸಿರು ಯಾಕ ಅಂದ್ರ, ಡಬ್ಬಿಯಾಗ ಅದೊಂದ ಇತ್ತಂತ.

ಅಕ್ಕನ ಹತ್ರ ಅದಕ್ಕೂ ಉಪಾಯ ಇತ್ತು. ದೊಡ್ಡ ಅಂಗಡ್ಯಾಗ ಪರದಿ ನೆಟ್ಟಗ ಇಳಿಬೀಳಲಿ ಅಂತ ಕೆಳಗಿನ ಮಡಿಕ್ಯಾಗ ಏನರೆ ಭಾರ ಇಟ್ಟು ಹೊಲೀತಾರಂತ. ಸೆರಗನ್ನ ಇಡಿಯಾಗಿ ಮಡಚಿ ಅಲ್ಲೇ ಇಟ್ರ ಭಾರಾನೂ ಆತು, ಟ್ರಂಕಿನ್ಯಾಗ ಇಲಿ ಕಡಿಯೋ ಭಯಾನೂ ಇಲ್ಲ.

"ನಿಮ್ಮವ್ವ ಅಂದ್ರ ನನಗೂ ಅವ್ವ ಅಲ್ಲೇನು ತಂಗಿ? ಮಗಳ ಲಗ್ನಕ್ಕ ಬಿಚ್ಚು. ಅಲ್ಲೀತನಕ ಮುಟ್ಟಬ್ಯಾಡ," ಅಂದ್ಲು.

ಮುಟ್ಟಲಿಲ್ಲ ನಾನು, ಎಂಥಾ ಹುಚ್ಚಿ. ವಾಸ್ತುಶಾಂತಿಗೆ ಬಂದವರು ಪರದಿ ಹಿಡಿದು ನೋಡಿ, ಎಲ್ಲಿ ಆರ್ಡರ್ ಕೊಟ್ರಿ ಅಂತ ಕೇಳಿದ್ರು. ನಾನು ಅಕ್ಕನ್ನ ಹೊಗಳಿದ್ದೇ ಹೊಗಳಿದ್ದು. ಒಳಗಿನ ರೇಷ್ಮಿ ಹಾಳಾದೀತು ಅಂತ ತಣ್ಣೀರಾಗ ಅದ್ದಿ, ನೆರಳಾಗ ಒಣಗಿಸಿದೆ, ಹದಿನೇಳು ವರ್ಷ… ಒಂದು ಅಕ್ಕಿ ಚೀಲಕ್ಕ.

ಪರದಿ ಹಾಕಿದ ಮರುವರ್ಷ ಗಂಗಾವತಿಯಾಗ ಆಕಿ ಮಗಳ ಲಗ್ನ ಆತು. ಆರತಿ ಎತ್ತಿದವಳು ನಾನೇ. ಮದಿಮಗಳ ಕೆಂಪು ಕುಪ್ಪಸದ ಭುಜದ ಮ್ಯಾಲ ಒಂದು ಹಸಿರು ಎಲಿ, ಸುತ್ತ ಬಿಳಿ ದಾರದ ಬಳ್ಳಿ. ಒಂದೇ ಎಲಿ ಯಾಕಕ್ಕಾ ಅಂದೆ. ಈಗ ಹಂಗ ಹಾಕ್ತಾರ ಅಂದ ಅಕ್ಕ ನನ್ನ ತಾಟಿಗೆ ಇನ್ನೊಂದು ಹೋಳಿಗಿ ಹಾಕಿದ್ಲು. ನನ್ನ ಮಾರಿ ನೋಡಲಿಲ್ಲ. ಕುಪ್ಪಸ ಛಲೋ ಕುಂತೈತಿ ಅಂತ ನಾನು ಆ ಹುಡುಗಿಗೆ ದೃಷ್ಟಿ ಬ್ಯಾರೆ ತೆಗೆದೆ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಅತ್ತಿದ್ದೆ. ಈಗ ಯಾರ ಜೋಡಿ ಜಗಳಾಡ್ಲಿ? ಬಾಯಿ ಬಿಟ್ಟು ಕೇಳಿದ್ರ ಕೊಡ್ತಿದ್ನಲ್ಲ ಅಂತ ಅನಕೊಂಡೆ. ಸುಳ್ಳು, ಕೊಡ್ತಿರಲಿಲ್ಲ. ಅದು ಆಕಿಗೂ ಗೊತ್ತಿತ್ತು. ಆದ್ರ ಕತ್ತರಿ ಹಚ್ಚೋವಾಕಿ ನಮ್ಮವ್ವನ್ನ ತನ್ನವ್ವ ಅಂತ ಯಾಕ ಅನ್ನಬೇಕಿತ್ತು?

ಮಗಳಿಗೆ ಎಲ್ಲಾ ಹೇಳಿದೆ. ಹೋಗ್ಲಿ ಬಿಡವ್ವಾ, ಕುಪ್ಪಸಕ್ಕ ಹೊಸಾ ಖಣ ತರೋಣು ಅಂದ್ಲು. ಅಜ್ಜಿ ಹೋದಾಗ ಆಕಿಗೆ ಮೂರು ವರ್ಷ, ಮಾರಿ ಸುದ್ದಾ ನೆನಪಿಲ್ಲ. ಇದು ನಿಮ್ಮಜ್ಜಿ ಕೈ ನೋಡು ಅಂತ ಆ ಹಸಿರು ದಾರ ತೋರಿಸಬೇಕಂತ ಇಷ್ಟು ವರ್ಷ ಕಾದಿದ್ದೆ. ಇನ್ನ ತೋರಿಸಲಿಕ್ಕೆ ನನ್ನ ಹತ್ರ ಏನೂ ಇಲ್ಲ.

ಪರದಿ ತಿರುಗಿ ಹಾಕಿದ್ರ ಗಾಳಿಗೆ ಹಾರಾಕತ್ತಿತು. ಸಂಜಿ ಮುಂದ ಇಳಿಸಿ, ಆ ಚೀಲದ ತುಂಡನ್ನ ಮತ್ತ ಒಳಗಿಟ್ಟು ನಾನೇ ಹೊಲಿದೆ.