ಬಕೆಟ್ಟಿನ ಮೇಲಿನ ಕಲ್ಲು

ಇವತ್ತು ಬಾಳೂರಿನ ಹಳ್ಳದಿಂದ ಜೀವಂತ ಏಡಿ ತಂದೆ. ಆ ಕೆಸರಿನ ವಾಸನೆಗೆ ಅಜ್ಜಿಯ ಅಡುಗೆಮನೆ ನೆನಪಾಯ್ತು.

ಅಜ್ಜಿ ಏಡಿಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು ಬಕೆಟ್ಟಿಗೆ ಹಾಕಿ, ಮುಚ್ಚಳದ ಮೇಲೆ ಕಲ್ಲಿಡುತ್ತಿದ್ದರು. ಒಂದು ದಿನ ಕಡುಬಿನ ಪಾತ್ರೆಯ ಪಕ್ಕದಲ್ಲಿ ಏಡಿ ಬೇಯಿಸಲು ನೀರು ಕುದಿಯುತ್ತಿತ್ತು. ಬಕೆಟ್ಟಿನೊಳಗೆ ಅವು ಪರಪರ ಕೆರೆಯುವುದನ್ನು ಕೇಳಲಾಗದೆ, ನಾನು ಕಲ್ಲು ಸರಿಸಿ ಎಲ್ಲವನ್ನೂ ಹಿತ್ತಿಲಲ್ಲಿ ಬಿಟ್ಟುಬಿಟ್ಟೆ.

ಬೆಳಗಿನಿಂದ ಗದ್ದೆ ಬದುವಿನ ಬಿಲಗಳಿಗೆ ಕೈಹಾಕಿ ಅವನ್ನು ಹಿಡಿದು ತಂದಿದ್ದ ಅಜ್ಜ ಊಟಕ್ಕೆ ಕೂತು, "ಏಡಿ ಎಲ್ಲಿ?" ಅಂದರು.

ಅಜ್ಜಿ ನನ್ನ ಒದ್ದೆ ಕೈ ನೋಡಿದರು. "ಕಲ್ಲಿಡೋದು ನಂಗೇ ಮರ್ತೋಯ್ತು ಮಾರಾಯ್ರೆ, ಎಲ್ಲಾ ಓಡಿಹೋದ್ವು."

ಅವತ್ತು ಬರೀ ಕಡುಬು, ಚಟ್ನಿ. ಹೆದರಿ ಕೂತಿದ್ದ ನನ್ನ ತಟ್ಟೆಗೆ ಒಂದು ಕಡುಬು ಜಾಸ್ತಿಯೇ ಬಿತ್ತು.

ಈಗ ನನ್ನ ಮಗಳು ಬಕೆಟ್ಟಿನ ಮುಚ್ಚಳಕ್ಕೆ ಕಿವಿಯಿಟ್ಟು ಕೂತಿದ್ದಾಳೆ. ನಾನೇ ಕಲ್ಲು ತೆಗೆದಿಟ್ಟು ಒಳಗೆ ಬಂದೆ. ಅಕ್ಕಿ ತರಿ ಇದೆ, ಕಡುಬಾದರೂ ಆಗುತ್ತೆ.