ತಂತಿ ತಡವಾದ ಮುಕ್ಕಾಲು ಗಂಟೆ

ನಮ್ಮಪ್ಪ ಹೆದರುಪುಕ್ಕಲ. ಬೈಯಬೇಕು ಅಂತ ಹೇಳುತ್ತಿಲ್ಲ, ಇಡೀ ಬೀದಿಗೇ ಗೊತ್ತಿರುವ ಮಾತು ಇದು. ಬಾಗಿಲ ಚಿಲಕ ಹಾಕಿ ಬಂದು ಕೂತವನು ಮತ್ತೆ ಎದ್ದು ಹೋಗಿ ಎಳೆದು ನೋಡುತ್ತಾನೆ. ಲೋಕವೆಲ್ಲ ಸದ್ದಿಗೆ ಹೆದರಿದರೆ ಈ ಪುಣ್ಯಾತ್ಮ ಸದ್ದಿಲ್ಲದಿದ್ದರೆ ಹೆದರುತ್ತಾನೆ. ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ರೇಡಿಯೋ ಅರಚುತ್ತಿರಬೇಕು. ಕರೆಂಟು ಹೋಗಿ ಅದು ಬಾಯಿ ಮುಚ್ಚಿತೋ, ಅಪ್ಪನ ಮುಖ ಬಿಳಿಚಿಕೊಳ್ಳುತ್ತದೆ. ನಾನು ಕನ್ನಡಕದಂಗಡಿ ಇಟ್ಟುಕೊಂಡವಳು, ಜನರ ಕಣ್ಣು ನೋಡಿ ನೋಡಿ ಅಭ್ಯಾಸ. ಅಪ್ಪನ ಕಣ್ಣಲ್ಲಿರುವಂಥ ಹೆದರಿಕೆ ಬೇರೆ ಯಾರಲ್ಲೂ ಕಂಡಿಲ್ಲ.

ಹರೆಯದಲ್ಲಿ ಯುದ್ಧಕ್ಕೆ ಹೋಗಿದ್ದ. ಕೈಯಲ್ಲಿ ಇಕ್ಕಳ, ಹೆಗಲಿಗೆ ತಂತಿಯ ಸುರುಳಿ. ಕೆಳಗಿನ ಶಿಬಿರದಿಂದ ಗುಡ್ಡದ ಮೇಲಿನ ತುಕಡಿಗೆ ಟೆಲಿಫೋನ್ ತಂತಿ ಎಳೆಯುವುದು, ತುಂಡಾದರೆ ಕಟ್ಟುವುದು, ಇದು ಅವನ ಕೆಲಸ. ಯುದ್ಧ ಮುಗಿದ ಮೇಲೂ ಅದೇ ತಂತಿ ಹಿಡಿದು ಲೈನ್‌ಮನ್ ಆಗಿಯೇ ನಿವೃತ್ತನಾದ. ಬೀದಿಯವರ ಬಾಯಲ್ಲಿ ಅವನು ಲೈನ್ ತಾತ.

ಯುದ್ಧದ್ದು ಅಂತ ಅವನು ಹೇಳುತ್ತಿದ್ದ ಕತೆ ಒಂದೇ. ಗುಡ್ಡದ ಮೇಲಿದ್ದವರಿಗೆ ‘ಇಳಿದು ಬನ್ನಿ’ ಅನ್ನುವ ಆಜ್ಞೆ ಮುಟ್ಟಬೇಕಿತ್ತು. ತಂತಿ ತುಂಡಾಗಿತ್ತು. ಅಪ್ಪ ತೆವಳಿಕೊಂಡು ಹೋಗಿ ಕಟ್ಟಿದ, ಆದರೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ವೈರಿಗಳು ಹಿಂದಿನಿಂದ ಗುಡ್ಡ ಹತ್ತಿದ್ದರು. ಮೇಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ನನ್ನ ಸೋದರಮಾವನೂ ಇದ್ದ, ಅಮ್ಮನ ಒಬ್ಬನೇ ಅಣ್ಣ. ಸಾವಿನ ಸುದ್ದಿ ಹೊತ್ತು ಆ ಮನೆಗೆ ಹೋದ ಅಪ್ಪ ಕೊನೆಗೆ ಆ ಮನೆಯ ಅಳಿಯನೇ ಆದ. ಅಮ್ಮ ಇರುವ ತನಕ ಅವನನ್ನು ಸಮಾಧಾನ ಮಾಡುತ್ತಲೇ ಇದ್ದಳು. “ತಂತಿ ತಡವಾದ್ರೆ ನೀವೇನ್ರೀ ಮಾಡ್ತೀರಿ, ಬಿಡಿ” ಅನ್ನುತ್ತಿದ್ದಳು.

ಈಗ ಮನೆಯಲ್ಲಿ ನಾವು ಮೂವರು. ಅಪ್ಪ, ನಾನು, ನನ್ನ ತಂಗಿ. ತಂಗಿಗೆ ಕಂಪ್ಯೂಟರ್ ಆಟ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅವರು ಮಾಡುತ್ತಿದ್ದದ್ದು ಯುದ್ಧದ ಆಟ. ಆಡುವವನೇ ಸೇನಾಪತಿ, ಯಾವ ತುಕಡಿ ಎಲ್ಲಿಗೆ ಹೋಗಬೇಕು ಅಂತ ಅವನೇ ಆಜ್ಞೆ ಕೊಡಬೇಕು. ಯಾರಿಗೆಷ್ಟು ಬಲ, ಯಾವುದಕ್ಕೆಷ್ಟು ಹೊತ್ತು ಅಂತ ಅಳತೆ ಕೂರಿಸುವವಳು ನನ್ನ ತಂಗಿ. ನಡೆದದ್ದಕ್ಕೆ ಮೋಸ ಆಗಬಾರದು, ಆಡುವವನಿಗೆ ಬೇಜಾರೂ ಆಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಕೆಲಸ. ಅಪ್ಪನ ಗುಡ್ಡವನ್ನೇ ಅವರು ಆಟಕ್ಕೆ ಆರಿಸಿಕೊಂಡಾಗ ಇವಳು ಕುಣಿದಾಡಿಬಿಟ್ಟಳು. ಅಪ್ಪನನ್ನು ಕೂರಿಸಿಕೊಂಡು ಕೇಳಿ ಕೇಳಿ, ಆ ಮುಕ್ಕಾಲು ಗಂಟೆಯನ್ನು ಹಾಗೇ ಆಟಕ್ಕೆ ಸೇರಿಸಿದಳು. ಆಟದ ಗಡಿಯಾರ ಎಷ್ಟೇ ಬೇಗ ಓಡಲಿ, ‘ಇಳಿದು ಬನ್ನಿ’ ಒತ್ತಿದವನು ಕೈಕಟ್ಟಿ ಕೂರಲೇಬೇಕು. ತಂತಿ ಕಟ್ಟುವ ತನಕ ಪರದೆಯ ಮೇಲೆ ಒಂದು ಕೆಂಪು ದೀಪ, ಅಷ್ಟೇ.

ಆಡಿ ನೋಡಲು ಕರೆಸಿದವರು ಆಕಳಿಸಿದರು. ಒಬ್ಬ ಎದ್ದು ಟೀ ಕುಡಿದು ಬಂದ. “ಇದು ಯುದ್ಧದ ಆಟ ಅಲ್ಲ ಕಣ್ರೀ, ಫೋನ್ ಕಾಯೋ ಆಟ” ಅಂದನಂತೆ ಇನ್ನೊಬ್ಬ. ಕಂಪನಿಯ ಯಜಮಾನ ಒಬ್ಬನಿದ್ದಾನೆ, ಮಾತೆತ್ತಿದರೆ ಬೇಗ ಬೇಗ ಅನ್ನುವವನು, ಅದಕ್ಕೇ ತಂಗಿ ಮನೆಯಲ್ಲಿ ಅವನನ್ನು ಬೇಗಪ್ಪ ಅನ್ನುತ್ತಾಳೆ. ಆ ಬೇಗಪ್ಪ, ತಡವನ್ನು ತೆಗೆದುಹಾಕು ಅಂದ.

ತಂಗಿ ಇದನ್ನು ಊಟಕ್ಕೆ ಕೂತಾಗ ಹೇಳಿದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

“ಅದನ್ನ ಮುಟ್ಟಬೇಡ.”

“ಅಪ್ಪಾ, ಆಟ ಅಲ್ವಾ? ಸ್ವಲ್ಪ ಕಮ್ಮಿ ಮಾಡಿದ್ರೆ ಯಾರಿಗೇನು ನಷ್ಟ?”

“ಮುಕ್ಕಾಲು ಗಂಟೆ ಅಂದ್ರೆ ಮುಕ್ಕಾಲು ಗಂಟೆ! ಇತಿಹಾಸ ಅಂದ್ರೆ ನಿಮ್ಮಪ್ಪನ ಮನೆ ಆಸ್ತಿನಾ ಬೇಕಾದ ಹಾಗೆ ಕತ್ತರಿಸೋಕೆ?”

ನಮ್ಮಪ್ಪನ ಮನೆ ಆಸ್ತಿಯೇ ತಾನೇ ಅಂತ ನಗೆ ಬಂತು ನನಗೆ. ಅವನ ಮುಖ ನೋಡಿ ನುಂಗಿಕೊಂಡೆ. ಅವತ್ತಿನಿಂದ ಅಪ್ಪ ಸರಿಯಾಗಿ ಉಣ್ಣಲಿಲ್ಲ. ತಂಗಿ ಕೆಲಸದಿಂದ ಬರುವುದನ್ನೇ ಬಾಗಿಲಲ್ಲಿ ಕಾಯುವುದು, ಬಂದ ಕೂಡಲೇ “ತೆಗೆದ್ರಾ?” ಅಂತ ಕೇಳುವುದು. ಅವನ ಎದೆ ಮೊದಲೇ ಗಟ್ಟಿಯಿಲ್ಲ, ಡಾಕ್ಟರು ಗಾಬರಿ ಮಾಡಿಸಬೇಡಿ ಅಂದಿದ್ದರು. ನನ್ನ ಹೆದರಿಕೆ ನನಗೆ. ತಡ ತೆಗೆದರೆ ಅಪ್ಪ ಉಳಿಯುವುದಿಲ್ಲ, ಇಟ್ಟುಕೊಂಡರೆ ತಂಗಿಯ ಕೆಲಸ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಬೇಗಪ್ಪನೇ ಒಂದು ದಾರಿ ಹೇಳಿದ. “ತಂತಿ ಕಟ್ಟೋಕೆ ಅಷ್ಟು ಹೊತ್ತು ಬೇಕು ಅಂತ ಕಣ್ಣಾರೆ ತೋರಿಸಿ, ತಡ ಇರಲಿ. ಇಲ್ಲಾಂದ್ರೆ ತಡಾನೂ ಬೇಡ, ತಡ ಅಂತ ಹಟ ಹಿಡಿಯೋರೂ ಬೇಡ.”

ತಂಗಿಗೆ ಖುಷಿಯೋ ಖುಷಿ. ಕಚೇರಿಯ ಹಿಂದೆ ಕಲ್ಲುಮುಳ್ಳಿನ ಇಳಿಜಾರು ಜಾಗವಿದೆ, ಅಲ್ಲೇ ತಂತಿ ಎಳೆದು ಕತ್ತರಿಸುತ್ತೇವೆ, ಒಬ್ಬರು ತೆವಳಿಕೊಂಡು ಹೋಗಿ ಕಟ್ಟಲಿ, ಅಪ್ಪಾ ನೀನೇ ಬಂದು ಎಲ್ಲ ಸರಿಯಾಗಿದೆಯಾ ನೋಡು ಅಂದಳು. ಅಪ್ಪ ಮೈ ಸರಿಯಿಲ್ಲ ಅಂದ. ಆಮೇಲೆ ತಂಗಿಯ ಮುಖ ನೋಡಿ, ಬರ್ತೀನಿ ಅಂದ.

ಆ ಬೆಳಿಗ್ಗೆ ಕಚೇರಿಯವರೆಲ್ಲ ಇಳಿಜಾರಿನ ಅಂಚಿನಲ್ಲಿ ನಿಂತಿದ್ದರು, ಕೈಯಲ್ಲಿ ಲೋಟ, ಬಾಯಲ್ಲಿ ನಗೆ. ತೆವಳಲು ಮುಂದೆ ಬಂದವನು ಕಂಪನಿಯ ಲೆಕ್ಕ ಬರೆಯುವವನು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. “ಇವ್ನು ತೆವಳೋದಾ? ಉರುಳ್ತಾನೆ ಬಿಡಿ!” ಅಂದರು ಯಾರೋ. ತಂಗಿ ಹಳೆಯ ನಕ್ಷೆ ನೋಡಿ ಅಳೆದು, ಇಲ್ಲಿಂದ ಅಲ್ಲಿಗೆ ಅಂತ ಗೂಟ ನೆಟ್ಟಿದ್ದಳು. ಅಪ್ಪ ಗೂಟ ನೋಡಿದವನೇ “ಇನ್ನೂ ದೂರ ಇತ್ತು” ಅಂದ. ದೂರ ನೆಟ್ಟರು. “ಇನ್ನೂ ದೂರ.” ಮತ್ತೂ ದೂರ ನೆಟ್ಟರು. “ಇನ್ನೂ” ಅಂದ. ಗೂಟ ಕಾಂಪೌಂಡ್ ಗೋಡೆಗೆ ತಾಗಿತು, ಆಚೆ ಜಾಗವೇ ಇರಲಿಲ್ಲ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ, ಆ ಬೆರಳುಗಳು ಮಂಜುಗಡ್ಡೆಯಾಗಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಮಾತು ನನ್ನ ತಲೆಯಲ್ಲಿ ಹಾದುಹೋಯಿತು. ಅಯ್ಯೋ, ಇದು ಬೇಡವಾಗಿತ್ತು. ಎಲ್ಲರನ್ನೂ ಮನೆಗೆ ಕಳಿಸಿಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಲೆಕ್ಕದವನು ಹೊರಟಿದ್ದ. ಉಬ್ಬಸ ಪಡುತ್ತಾ, ಬೈದುಕೊಳ್ಳುತ್ತಾ, ಅಂಗಿ ಹರಿದುಕೊಂಡು ಹೋದ. ಜನ ಶಿಳ್ಳೆ ಹಾಕಿದರು. ನಾನು ಮಾತ್ರ ದೇವರೇ ಇವನ ಕಾಲು ಉಳುಕಲಿ, ತಂತಿ ಸಿಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅವನು ತುಂಡಾದ ತುದಿಗಳನ್ನು ಹುಡುಕಿ ಸಿಪ್ಪೆ ಸುಲಿದು ಹೊಸೆದ. ಈ ತುದಿಯ ಫೋನು ಗಂಟೆ ಹೊಡೆಯಿತು. ತಂಗಿ ಗಡಿಯಾರ ನೋಡಿದಳು, ಅವಳ ಮುಖದ ಬಣ್ಣ ಇಳಿಯಿತು. ಕಾಲು ಗಂಟೆಯೂ ಆಗಿರಲಿಲ್ಲ.

ಬೇಗಪ್ಪ ಕೆಟ್ಟವನಲ್ಲ, ನಗುನಗುತ್ತಲೇ ಕೇಳಿದ. “ತಾತಾ, ಮಿಕ್ಕ ಅರ್ಧ ಗಂಟೆ ಎಲ್ಲಿ ಹೋಯ್ತು?”

ಎಲ್ಲರೂ ಅಪ್ಪನತ್ತ ತಿರುಗಿದರು. ನಾನು ಬಿಡಲಿಲ್ಲ. “ಏನ್ರೀ ನೀವು! ನಿಮ್ಮ ಲೆಕ್ಕದವರ ತಲೆ ಮೇಲೆ ಗುಂಡು ಹಾರ್ತಿತ್ತಾ? ಅವತ್ತು ಗುಂಡಿನ ಮಳೆ! ತಲೆ ಎತ್ತೋ ಹಾಗಿರ್ಲಿಲ್ಲ. ಶಿಳ್ಳೆ ಹೊಡೆಸ್ಕೊಂಡು ತೆವಳೋದೂ ಅದೂ ಒಂದೇನಾ?” ಅಂತ ಜಾಡಿಸಿದೆ.

ಅವನ ನಗೆ ನಿಂತಿತು. “ಹೌದಲ್ವಾ, ತಪ್ಪಾಯ್ತಮ್ಮಾ. ತಡ ಇರಲಿ ಬಿಡಿ” ಅಂದ. ತಂಗಿ ಉಸಿರು ಬಿಟ್ಟಳು. ನನಗೂ ಹೋದ ಜೀವ ಬಂದ ಹಾಗಾಯಿತು. ಅಪ್ಪ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

“ಗುಂಡು ಇರ್ಲಿಲ್ಲ” ಅಂದ ಅಪ್ಪ.

“ಅಪ್ಪಾ, ಬಾ, ಮನೆಗೆ ಹೋಗೋಣ” ಅಂತ ನಾನು ಎಳೆದೆ. ಅವನು ಕದಲಲಿಲ್ಲ.

“ಗುಂಡು ನಿಂತುಹೋಗಿತ್ತು. ಒಂದು ಹಕ್ಕೀನೂ ಕೂಗ್ತಿರ್ಲಿಲ್ಲ. ಯಾಕಿಷ್ಟು ನಿಶ್ಶಬ್ದ, ಎಲ್ಲಿ ಕೂತು ನನ್ನನ್ನೇ ನೋಡ್ತಿದಾರೆ ಅಂತ ಹೆದರಿಕೆ ಆಯ್ತು. ಒಂದು ಹಳ್ಳ ಇತ್ತು, ಅದ್ರಲ್ಲಿ ಮಲಗಿಬಿಟ್ಟೆ. ಏಳ್ಬೇಕು ಏಳ್ಬೇಕು ಅಂತಾನೇ ಅರ್ಧ ಗಂಟೆ ಮಲಗಿದ್ದೆ. ತಂತಿ ಪಕ್ಕದಲ್ಲೇ ಇತ್ತು. ಕಟ್ಟೋಕೆ ಹೊತ್ತೇ ಹಿಡೀಲಿಲ್ಲ.” ಆಮೇಲೆ ನನ್ನ ಕಡೆ ನೋಡಿದ. “ನಿಮ್ಮಮ್ಮನಿಗೆ ಹೇಳ್ಲಿಲ್ಲ ಕಣೇ.”

ಯಾರ ಕೈಯ ಲೋಟವೂ ಬಾಯಿಗೆ ಹೋಗಲಿಲ್ಲ.

ಮನೆಗೆ ಬಂದವನು ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡ. ರೇಡಿಯೋ ಹಾಕಲಿಲ್ಲ. ನಾನು ಅಂಗಡಿ ತೆರೆಯದೆ ಬಾಗಿಲಿಗೆ ಕಿವಿ ಹಚ್ಚಿ ಕೂತೆ. ಅಮ್ಮನ ಅಣ್ಣ ಅಂದರೆ ನನಗೆ ಗೋಡೆಯ ಮೇಲಿನ ಒಂದು ಫೋಟೋ, ಅಷ್ಟೇ. ಅವತ್ತು ಮಾತ್ರ ಅವನ ಮೇಲೆ ಕರುಳು ಕಿತ್ತುಬಂತು, ಅಪ್ಪನ ಮೇಲೆ ಸಿಟ್ಟೂ ಬಂತು. ಅಮ್ಮ ಎಷ್ಟು ವರ್ಷ ಇವನ ತಲೆ ಸವರಿದಳಪ್ಪಾ! ಸಿಟ್ಟು ಏರುವಷ್ಟರಲ್ಲಿ ಒಳಗಿನ ಉಸಿರು ಕೇಳಿಸದೆ ಹೋಗುತ್ತಿತ್ತು. “ಅಪ್ಪಾ, ಕೆಮ್ಮು, ಒಂದ್ಸಲ ಕೆಮ್ಮು” ಅನ್ನುತ್ತಿದ್ದೆ. ಅವನು ಕೆಮ್ಮುತ್ತಿದ್ದ.

ಸಂಜೆ ತಂಗಿ ಬಂದು ಬಾಗಿಲ ಹೊರಗೆ ನೆಲದ ಮೇಲೆ ಕೂತಳು. “ಅಪ್ಪಾ, ಆಟದಲ್ಲಿ ಏನು ಇಡ್ಲಿ? ತಡ ತೆಗೆದುಬಿಡ್ತೀನಿ, ಎಲ್ಲರೂ ಇಳಿದು ಬರ್ತಾರೆ, ಮಾವನೂ ಬರ್ತಾನೆ. ಜನಕ್ಕೂ ಅದೇ ಇಷ್ಟ.”

ಚಿಲಕ ತೆರೆಯಿತು. “ತಡ ಇರಲಿ. ತಪ್ಪನ್ನ ತಂತಿ ಮೇಲೆ ಹಾಕಬೇಡ. ಹಳ್ಳ ತೋರಿಸು, ಅದ್ರಲ್ಲಿ ಮಲಗಿರೋನನ್ನ ತೋರಿಸು” ಅಂದ.

ಅವಳು ಹಾಗೇ ಮಾಡಿದಳು. ಕೆಂಪು ದೀಪ ಹೋಯಿತು, ಅದರ ಜಾಗದಲ್ಲಿ ಹಳ್ಳದಲ್ಲಿ ಮುದುಡಿಕೊಂಡ ಒಬ್ಬ ಪುಟ್ಟ ಮನುಷ್ಯ ಬಂದ. ಗುಡ್ಡದ ಹಿಂದೆ ವೈರಿಗಳು ಹತ್ತುತ್ತಿರುವುದು ಆಡುವವನಿಗೆ ಕಾಣುತ್ತದೆ, ಆ ಪುಟ್ಟವನಿಗೆ ಕಾಣುವುದಿಲ್ಲ. ಒತ್ತಲು ಏನೂ ಇಲ್ಲ. ಹೊತ್ತು ಮೊದಲಿನಷ್ಟೇ, ಆದರೆ ಆಗ ಆಕಳಿಸಿದವರೇ ಈಗ ಕುರ್ಚಿಯ ತುದಿಗೆ ಬಂದರು. ಟೀ ಕುಡಿಯಲು ಯಾರೂ ಏಳುತ್ತಿಲ್ಲವಲ್ಲ ಅಂತ ಬೇಗಪ್ಪನಿಗೇ ಆಶ್ಚರ್ಯವಾಯಿತಂತೆ.

ಅಪ್ಪ ನೋಡಬೇಕು ಅಂದ. ಬೇಡ ಅಂತ ನಾನು ಬೇಡಿಕೊಂಡೆ, ಕೇಳಬೇಕಲ್ಲ? ಮಾತ್ರೆ ಡಬ್ಬಿ ಕೈಯಲ್ಲಿ ಹಿಡಿದು, ಅವನ ಹೆಗಲು ಹಿಡಿದು, ಆಡುವವರ ಬೆನ್ನ ಹಿಂದೆ ನಿಂತೆ. ನಮ್ಮ ಮುಂದೆ ಒಬ್ಬಳು ಕಾಲೇಜು ಹುಡುಗಿ ಆಡುತ್ತಿದ್ದಳು. ಹಿಂದೆ ನಿಂತವನು ಯಾರು ಅಂತ ಪಾಪ ಅವಳಿಗೇನು ಗೊತ್ತು? ಪುಟ್ಟ ಮನುಷ್ಯ ಹಳ್ಳದಲ್ಲಿ ಮಲಗಿದ. ಅವಳು ಕಾದಳು, ಕೈ ಹಿಸುಕಿಕೊಂಡಳು, ಆಮೇಲೆ ತಡೆಯಲಾರದೆ ಕಿರುಚಿದಳು.

“ಏಳೋ! ಏಳೋ ಹೇಡಿ! ಮೇಲೆ ಅಷ್ಟು ಜನ ಸಾಯ್ತಾರೆ ಕಣೋ, ಏಳೋ ದರಿದ್ರದವನೇ!”

ತಂಗಿ ಓಡಿ ಬಂದು ಹುಡುಗಿಯ ಭುಜ ಮುಟ್ಟಿದಳು. ಹುಡುಗಿ ತಿರುಗಿ ನೋಡಿದಳು. ಕಣ್ಣಲ್ಲಿ ನೀರು ತುಂಬಿ ನಡುಗುತ್ತಿದ್ದ ಮುದುಕನನ್ನು ಕಂಡು ಗಾಬರಿಯಾಗಿ, “ಸಾರಿ ತಾತ, ಜೋರಾಗಿ ಕಿರುಚಿಬಿಟ್ಟೆ” ಅಂದಳು.

ಅಪ್ಪ ಅವಳ ಕುರ್ಚಿಯ ಬೆನ್ನು ಹಿಡಿದುಕೊಂಡ.

“ನಿಲ್ಲಿಸಬೇಡಮ್ಮಾ” ಅಂದ. “ಬೈತಾ ಇರು. ಅವತ್ತು ಅವನಿಗೆ ಬೈಯೋರು ಒಬ್ಬರೂ ಇರ್ಲಿಲ್ಲ.”