ಮುಚ್ಚಿದ ಬಾಟಲಿಯ ವಾಸನೆ

ನಮ್ಮ ಭಾವನ ಮೂಗು ಸತ್ತಿರುವ ಸಂಗತಿ ಡಾಕ್ಟರನ್ನು ಬಿಟ್ಟರೆ ಮೂರೇ ಜನಕ್ಕೆ ಗೊತ್ತಿತ್ತು: ಭಾವನಿಗೆ, ಅವರ ಹೆಂಡತಿಯಾದ ನನ್ನ ಅಕ್ಕನಿಗೆ, ಮತ್ತು ನನಗೆ. ನನಗೆ ಗುಟ್ಟು ಹೇಳುವುದೂ ಒಂದೇ, ಊರಿಗೆ ಡಂಗುರ ಸಾರುವುದೂ ಒಂದೇ ಎಂಬುದನ್ನು ಅಕ್ಕ ಚಿಕ್ಕಂದಿನಿಂದ ಬಲ್ಲಳು. ಆದರೂ ಹೇಳಿದಳೆಂದರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಭಾವ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ವೈನ್ ಬಾಟಲಿಗಳ ಮೇಲ್ವಿಚಾರಕರು. ಮಾಲೀಕರಿಂದ ಹಿಡಿದು ತಟ್ಟೆ ತೊಳೆಯುವವರ ತನಕ ಎಲ್ಲರಿಗೂ ಅವರು ‘ಮೂಗಿನ ಸಾಹೇಬರು’. ತೆರೆದ ಬಾಟಲಿಯನ್ನು ಅರೆಗಳಿಗೆ ಮೂಸಿ ‘ಹೂಂ’ ಎಂದರೆ ಅದು ಮೇಜಿಗೆ, ‘ಉಹೂಂ’ ಎಂದರೆ ಮೋರಿಗೆ. ಒಮ್ಮೆ ಅಡುಗೆಮನೆಯ ಬಾಗಿಲು ದಾಟಿ ಹೋಗುತ್ತಿದ್ದವರು ಹಾಗೇ ನಿಂತು, “ಒಳಗೆ ಯಾವುದೋ ಬುಟ್ಟೀಲಿ ಒಂದು ಆಲೂಗಡ್ಡೆ ಕೊಳೀತಿದೆ” ಎಂದರಂತೆ. ಹುಡುಕಿದರೆ ಇತ್ತು. ಅಂದಿನಿಂದ ಅವರೆದುರು ವಾಸನೆಯ ಬಗ್ಗೆ ಬೇರೆಯವರು ಬಾಯಿ ಬಿಡುವುದೇ ಅಧಿಕಪ್ರಸಂಗವಾಯಿತು. ಬಾಟಲಿ ತೆರೆಯುವ ಕೋಣೆಯಲ್ಲಂತೂ ಅವರದೇ ಕಾನೂನು. ಸೆಂಟು ಹಾಕಿಕೊಂಡವರು ಒಳಗೆ ಬರುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಸಾಹೇಬರು ಹೇಳುವ ಮುಂಚೆ ಯಾರೂ ವಾಸನೆಯ ಸುದ್ದಿ ಎತ್ತುವಂತಿಲ್ಲ.

ಹೋದ ವರ್ಷದ ಒಂದು ಜ್ವರ ಬಿಟ್ಟು ಹೋಗುವಾಗ ಆ ಮೂಗನ್ನು ಜೊತೆಗೆ ಒಯ್ದಿತು. ಅಕ್ಕನಿಗೆ ತಿಳಿದದ್ದು ಹಾಲಿನಿಂದ. ಒಲೆಯ ಎದುರೇ ಕೂತು ಭಾವ ಪೇಪರ್ ಓದುತ್ತಿದ್ದರು. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಕಾಗಿತ್ತು.

“ರೀ, ಹಾಲು ಸೀದುಹೋಯ್ತಲ್ರೀ!”

“ಯಾವ ಹಾಲು?”

ಅಕ್ಕನಿಗೆ ಹಾಲಿನ ಚಿಂತೆ ಅಲ್ಲಿಗೇ ಮುಗಿದು ಬೇರೆಯದು ಶುರುವಾಯಿತು. ‘ವಾಪಸ್ ಬಂದರೂ ಬರಬಹುದು’ ಎಂದರು ಡಾಕ್ಟರು. ಅದು ಬರುವ ತನಕ ಎಂದು ಭಾವ ಬಣ್ಣ ನೋಡಿ, ಗಿರಾಕಿಗಳ ಮುಖ ನೋಡಿ, ‘ಹೂಂ’ ‘ಉಹೂಂ’ಗಳನ್ನು ಅಂದಾಜಿನ ಮೇಲೆ ನಡೆಸಿದರು. ಮೂಗು ಹೋಯಿತೆಂದು ಗೊತ್ತಾದರೆ ಮೂಗಿನ ಸಾಹೇಬರಲ್ಲಿ ಇಟ್ಟುಕೊಳ್ಳುವುದಕ್ಕೆ ಹೋಟೆಲಿಗೆ ಇನ್ನೇನು ಉಳಿದಿತ್ತು?

ಅಷ್ಟರಲ್ಲಿ ಹೋಟೆಲಿಗೆ ನೂರು ತುಂಬಿತು. ಮಾಲೀಕರ ಅಜ್ಜ ಶುರುವಿನಲ್ಲೇ ನೆಲಮಾಳಿಗೆಯಲ್ಲಿ ಮಲಗಿಸಿಟ್ಟಿದ್ದ ಪೋರ್ಟ್ ಬಾಟಲಿಯೊಂದನ್ನು ಅಂದು ತೆರೆಯಬೇಕೆಂದಾಯಿತು. ಪೋರ್ಟ್ ಎಂದರೆ ಸಿಹಿಯಾದ, ಗಟ್ಟಿ ವೈನು; ವಯಸ್ಸಾದಷ್ಟೂ ರುಚಿ ಏರುತ್ತದಂತೆ. ನಮ್ಮಂಥವರಲ್ಲಿ ಏರುವುದು ಬಿ.ಪಿ. ಮಾತ್ರ.

ಅಕ್ಕ ನನ್ನನ್ನು ಕರೆಸಿದಳು.

“ನೀನು ಸಹಾಯಕ್ಕೆ ಅಂತ ಅವರ ಜೊತೆ ಹೋಗೋ. ನಿನ್ನ ಮೂಗು ನೆಟ್ಟಗಿದೆ ತಾನೇ?”

“ಅದೊಂದೇ ನೆಟ್ಟಗಿರೋದು ಅಂತಾಳೆ ನನ್ನ ಹೆಂಡತಿ.”

“ಹಲ್ಲು ಕಿರೀಬೇಡ. ವೈನು ಚೆನ್ನಾಗಿದ್ರೆ ಸುಮ್ನಿರು. ಕೆಟ್ಟಿದ್ರೆ ಕನ್ನಡಕ ತೆಗಿ. ಇಷ್ಟಾದ್ರೂ ಮಾಡೋಕಾಗುತ್ತಾ?”

“ನನಗೆ ವೈನಿನ ಗಂಧಗಾಳಿ ಗೊತ್ತಿಲ್ವಲ್ಲೇ ಅಕ್ಕಾ!”

“ಕೊಳೆತಿದ್ದು ಗೊತ್ತಾಗುತ್ತಲ್ಲ? ಸಾಕು.”

ಭಾವ ಗೋಡೆ ನೋಡುತ್ತಾ ಕೂತಿದ್ದರು.

ಸಮಾರಂಭದ ದಿನ ಮಧ್ಯಾಹ್ನ ಬಾಟಲಿ ತೆರೆಯುವ ಕೋಣೆಯೊಳಗೆ ಮಾಲೀಕರು, ಅವರ ಹೆಂಡತಿ, ಒಂದಷ್ಟು ನೆಂಟರು, ಹಿಂದುಗಡೆ ಮುಖ್ಯ ಅಡುಗೆಯವರು. ಕಿಟಕಿಗಳು ಕಾನೂನಿನ ಪ್ರಕಾರ ಭದ್ರ. ಅಷ್ಟು ಹಳೆಯ ಬಾಟಲಿಯ ಬಿರಡೆ ಮುಟ್ಟಿದರೆ ಪುಡಿಯಾಗುವುದರಿಂದ ಅದನ್ನು ಕೀಳುವುದಿಲ್ಲ; ಕೆಂಪಗೆ ಕಾಸಿದ ಇಕ್ಕಳದಿಂದ ಕತ್ತು ಹಿಡಿದು, ಆಮೇಲೆ ಒದ್ದೆ ಬಟ್ಟೆ ಇಟ್ಟರೆ ಗಾಜು ತಾನಾಗಿ ಬಿಟ್ಟುಕೊಳ್ಳುತ್ತದೆ. ಇಕ್ಕಳ ಕಾಸಲು ಅಡುಗೆಮನೆಯವರು ಬೆಳಿಗ್ಗೆಯೇ ಮೂಲೆಯಲ್ಲಿ ಒಂದು ಗ್ಯಾಸ್ ಒಲೆ, ಸಿಲಿಂಡರು ತಂದಿಟ್ಟಿದ್ದರು.

ಒಳಗೆ ಕಾಲಿಟ್ಟ ಕೂಡಲೇ ನನಗೆ ವಾಸನೆ ಬಡಿಯಿತು. ಕೊಳೆತ ಬೆಳ್ಳುಳ್ಳಿಯದೋ, ಹಳಸಿದ ಕೋಸಿನದೋ. ಎಲ್ಲೋ ಪರಿಚಯದ್ದು. ಮಾಲೀಕರ ಹೆಂಡತಿ ಕರ್ಚೀಫು ಎತ್ತಿದವರು, ಭಾವನ ಮುಖ ನೋಡಿ, ಹಣೆ ಒರೆಸಿಕೊಂಡು ಇಳಿಸಿದರು. ಅಡುಗೆಯವರ ಕೈ ಮೂಗಿನ ತನಕ ಹೋಗಿ ಮೀಸೆ ಸವರಿ ವಾಪಸಾಯಿತು. ಭಾವ ಮಾತ್ರ ನಿಶ್ಚಿಂತೆಯಿಂದ ಇಕ್ಕಳ ಒರೆಸುತ್ತಿದ್ದರು. ಅವರೇ ಸುಮ್ಮನಿರುವಾಗ ಮಾತಾಡಲು ನಾವ್ಯಾರು?

ನಾನು ಮೇಜಿನ ಮೇಲಿನ ಬಾಟಲಿ ನೋಡಿದೆ. ಮೈತುಂಬ ಧೂಳು, ಬೂಷ್ಟು. ನೂರು ವರ್ಷದ ಸರಕು ನಾರದೆ ಇನ್ನೇನು ಎನಿಸಿತು. ಹೊತ್ತು ಹೋದಂತೆ ವಾಸನೆ ದಟ್ಟವಾಯಿತು. ನನ್ನ ತಲೆ ಹಗುರವಾಗತೊಡಗಿತು. ಕುಡಿಯದೇ ಇಷ್ಟು ಏರಿದರೆ ಕುಡಿದವರ ಗತಿಯೇನು! ಪಾಪ, ಭಾವ ಇದನ್ನು ‘ಹೂಂ’ ಅಂದುಬಿಟ್ಟರೆ? ಅಕ್ಕನ ಮುಖ ನೆನಪಾಗಿ, ಗಂಭೀರವಾಗಿ ಕನ್ನಡಕ ತೆಗೆದೆ.

ಭಾವ ಆಗ ಬೆಂಕಿಪೆಟ್ಟಿಗೆಯಿಂದ ಕಡ್ಡಿ ತೆಗೆದಿದ್ದರು.

ಕನ್ನಡಕವಿಲ್ಲದ ನನಗೆ ಅವರ ಮುಖ ಕಾಣಲಿಲ್ಲ. ಕಡ್ಡಿ ಹಿಡಿದ ಕೈ ಮಾತ್ರ ಬೆಳ್ಳಗೆ ಮಸುಕಾಗಿ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿತ್ತು. ಅವರ ತಲೆ ನನ್ನ ಕಡೆ ತಿರುಗಿತು, ಆಮೇಲೆ ಬಾಟಲಿಯ ಕಡೆ. ಅದರ ಬಾಯಿಗೆ ಹಾಕಿದ್ದ ಅರಗು ಇನ್ನೂ ಒಡೆದಿರಲಿಲ್ಲ.

“ಕನ್ನಡಕ ಯಾಕಪ್ಪಾ ತೆಗೆದೆ?”

“ವಾಸನೆ... ಭಾವ.”

“ಬಾಟಲಿ ಮುಚ್ಚಿದೆಯಲ್ಲೋ.”

ನನಗೆ ಆಗಲೂ ಹೊಳೆಯಲಿಲ್ಲ. ಭಾವನಿಗೆ ಹೊಳೆದಿತ್ತು. ಬಾಯಿ ಬಿಟ್ಟು ಕೇಳಿದರೆ ನೌಕರಿ ಹೋಗುತ್ತದೆ. ಕೇಳದಿದ್ದರೆ ಏನು ಹೋಗುತ್ತದೋ ಗೊತ್ತಿಲ್ಲ. ಅವರು ಕಡ್ಡಿಯನ್ನು ಮೆಲ್ಲಗೆ ಪೆಟ್ಟಿಗೆಯೊಳಗಿಟ್ಟರು.

“ನನಗೆ ವಾಸನೆ ಬರಲ್ಲ” ಎಂದರು, ಎಲ್ಲರಿಗೂ ಕೇಳುವಂತೆ. “ಹೋದ ವರ್ಷದಿಂದ ಬರಲ್ಲ. ಇಲ್ಲಿ ಏನು ವಾಸನೆ ಬರ್ತಿದೆ, ಯಾರಾದ್ರೂ ಹೇಳಿ.”

ಕೊನೆಗೆ ಹಿಂದಿನಿಂದ ಅಡುಗೆಯವರು, “ಗ್ಯಾಸು, ಸಾಹೇಬ್ರೇ. ಆಗಲಿಂದ ಬರ್ತಿದೆ. ನೀವು ಸುಮ್ನಿದ್ರಲ್ಲ, ನನ್ನ ಮೂಗೇ ಕೆಟ್ಟಿರಬೇಕು ಅಂದ್ಕೊಂಡೆ” ಎಂದರು.

ಕಿಟಕಿಗಳು ತೆರೆದವು. ಜನ ಹೊರಗೋಡಿದರು, ಮೊದಲು ಓಡಿದವನು ಯಾರೆಂದು ಬೇರೆ ಹೇಳಬೇಕಿಲ್ಲ. ಸಿಲಿಂಡರಿನ ರಬ್ಬರ್ ಪೈಪು ಉದ್ದಕ್ಕೂ ಬಿರುಕು ಬಿಟ್ಟಿತ್ತು.

ಬಾಟಲಿಯನ್ನು ಆಮೇಲೆ ಹಿತ್ತಲಿನಲ್ಲಿ, ಇದ್ದಿಲ ಒಲೆಯ ಮುಂದೆ ತೆರೆದದ್ದು. ಇಕ್ಕಳ ಹಿಡಿದವರು ಭಾವನೇ. ಟಿಕ್ ಎಂದು ಕತ್ತು ಬಿಟ್ಟುಕೊಂಡಿತು. ಗಸಿ ಕದಡದಂತೆ ಬಗ್ಗಿಸಿದ ವೈನು ಒಣಗಿದ ಇಟ್ಟಿಗೆಯ ಬಣ್ಣಕ್ಕಿತ್ತು. “ಹೇಗಿದೆ ಸಾಹೇಬ್ರೇ?” ಎಂದರು ಮಾಲೀಕರು, ಅಭ್ಯಾಸಬಲದಿಂದ.

ಭಾವ ಒಂದು ಗುಟುಕು ಕುಡಿದರು. “ಸಿಹಿ ಇದೆ ಸರ್. ನನಗೆ ಗೊತ್ತಾಗೋದು ಅಷ್ಟೇ. ನೀವೇ ಹೇಳಿ.”

“ಒಣದ್ರಾಕ್ಷಿ ಥರ...” ಎಂದು ಅಡುಗೆಯವರು ಅಂಜುತ್ತಾ ಶುರುಮಾಡಿದರು. “ಹಳೇ ಮರದ ಪೆಟ್ಟಿಗೆ ಥರ” ಎಂದರು ಮಾಲೀಕರ ಹೆಂಡತಿ. ಆಮೇಲೆ ತಡೆಯುವವರಿಲ್ಲ, ವಾಲ್‌ನಟ್ಟು, ಜೇನು, ತಂಬಾಕು, ಬಾಯಿಗೊಂದು ಮಾತು. ತಾವು ಬಿಟ್ಟುಬಂದ ಮನೆಯ ಕೋಣೆಗಳನ್ನು ಹೊಸ ಬಾಡಿಗೆದಾರರು ಬಣ್ಣಿಸುವುದನ್ನು ಕೇಳುವವರ ಹಾಗೆ ಭಾವ ಕೇಳುತ್ತಾ ನಿಂತಿದ್ದರು.

“ನಮ್ಮೆಲ್ಲರ ಜೀವ ಉಳಿಸಿದ್ರಿ” ಎಂದರು ಮಾಲೀಕರು. ಅದೇ ಉಸಿರಿನಲ್ಲಿ, “ಇನ್ನು ಮನೇಲಿ ಆರಾಮಾಗಿರಿ” ಎಂದೂ ಅಂದರು.

ಮೊನ್ನೆ ಸಂಜೆ ಅಕ್ಕನ ಮನೆಗೆ ಹೋದೆ. ಅಕ್ಕ ಪೇಟೆಗೆ ಹೋಗಿದ್ದಳು. ಕತ್ತಲಾಗುತ್ತಿದ್ದರೂ ದೀಪವಿಲ್ಲ. ಕಿಟಕಿ, ಬಾಗಿಲು ಎಲ್ಲ ಹಾರುಹೊಡೆದು ತೆರೆದಿದ್ದವು. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಚಹದ ನೀರು ತಣ್ಣಗಿತ್ತು; ಭಾವ ಬೆಂಕಿಪೆಟ್ಟಿಗೆ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಎಷ್ಟು ಹೊತ್ತಿನಿಂದಲೋ.

“ಬಂದ್ಯಾ? ಒಳ್ಳೇದಾಯ್ತು. ಸ್ವಲ್ಪ ಮೂಸು ನೋಡೋಣ.”

ಒಲೆಯ ಹತ್ತಿರ ಬಗ್ಗಿ ಉಸಿರೆಳೆದೆ. ಮತ್ತೊಮ್ಮೆ ಎಳೆದೆ.

“ಏನಾದ್ರೂ ಇದೆಯೇನೋ?”

ನನಗೆ ಎರಡು ದಿನದಿಂದ ನೆಗಡಿ. ಹಾಗೆಂದೆ. ಭಾವ ಬೆಂಕಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡು, ಪಕ್ಕದ ಕುರ್ಚಿ ತೋರಿಸಿದರು. ಕತ್ತಲಲ್ಲಿ ಇಬ್ಬರೂ ಅಕ್ಕನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂತೆವು.